ತಟ್ಟೆಯಲ್ಲಿ ಉಳಿದದ್ದನ್ನು ನೋಡು

ಮಗಳೇ,

ಜಿಲ್ಲಾಸ್ಪತ್ರೆಗೆ ಆಹಾರ ತಜ್ಞೆಯಾಗಿ ಸೇರಿದೆಯೆಂದೂ ಪೌಷ್ಟಿಕ ಪುನಶ್ಚೇತನ ಕೇಂದ್ರವನ್ನೂ ನಿನಗೇ ವಹಿಸಿದ್ದಾರೆಂದೂ ನಿನ್ನಮ್ಮ ಹೇಳಿದಾಗಿನಿಂದ ನಿನ್ನೊಡನೆ ಕೂತು ನಾಲ್ಕು ಮಾತಾಡಬೇಕು ಅನ್ನಿಸುತ್ತಿದೆ. ಪುಸ್ತಕದಲ್ಲಿರುವುದೆಲ್ಲ ನಿನಗೆ ಗೊತ್ತು. ನಾನು ಓದಿದ ಕಾಲಕ್ಕಿಂತ ಈಗಿನ ಓದು ಬಹಳ ಮುಂದೆ ಹೋಗಿದೆ. ನಾನು ಹೇಳುವುದು ವಾರ್ಡಿನಲ್ಲಿ ಓಡಾಡಿ, ಆಸ್ಪತ್ರೆಯ ಅಡುಗೆಮನೆಯಲ್ಲಿ ನಿಂತು, ಪಿಎಚ್‌ಸಿ ಜಗಲಿಯಲ್ಲಿ ತಾಯಂದಿರ ಪಕ್ಕ ಕೂತು ತಿಳಿದುಕೊಂಡದ್ದು.

ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಇದು. ರೋಗಿಗೆ ನೀನು ಏನು ಬರೆದುಕೊಟ್ಟೆ ಎಂಬುದಕ್ಕಿಂತ ಅವರ ಹೊಟ್ಟೆಗೆ ಏನು ಸೇರಿತು ಎಂಬುದನ್ನು ನೋಡು. ಕೇಸ್ ಶೀಟು ತೆರೆದರೆ ಮಾತ್ರೆ ಕೊಟ್ಟದ್ದಕ್ಕೆ ಸಿಸ್ಟರ್ ಸಹಿ ಇರುತ್ತದೆ. ಇಂಜೆಕ್ಷನ್ ಎಷ್ಟು ಹೊತ್ತಿಗೆ ಆಯಿತು, ಡ್ರಿಪ್ ಎಷ್ಟು ಹೋಯಿತು, ಮೂತ್ರ ಎಷ್ಟು ಬಂತು, ಎಲ್ಲಕ್ಕೂ ಲೆಕ್ಕ ಉಂಟು. ಊಟದ ಜಾಗದಲ್ಲಿ ಮಾತ್ರ ‘ಸಾಫ್ಟ್ ಡಯಟ್’ ಎಂದು ಬರೆದು ಕೈ ತೊಳೆದುಕೊಂಡಿರುತ್ತಾರೆ. ಆ ಸಾಫ್ಟ್ ಡಯಟ್ ವಾರ್ಡಿಗೆ ಬಂತೇ, ಬಂದಾಗ ರೋಗಿ ಎಕ್ಸ್‌ರೇ ಕೋಣೆಯ ಮುಂದೆ ಕೂತಿದ್ದರೇ, ತಣ್ಣಗಾದ ಗಂಜಿಯನ್ನು ಎರಡು ಚಮಚ ಕುಡಿದು ಪಕ್ಕಕ್ಕಿಟ್ಟರೇ, ಯಾರೂ ಬರೆದಿಡುವುದಿಲ್ಲ. ಹಾಗಾಗಿ ಊಟ ಹಂಚಿದ ಅರ್ಧ ಗಂಟೆಯ ನಂತರ ವಾರ್ಡಿನಲ್ಲಿ ಒಂದು ಸುತ್ತು ಹಾಕು. ತಟ್ಟೆಯಲ್ಲಿ ಪೂರ್ತಿ ಉಳಿದಿದೆಯೋ, ಅರ್ಧವೋ, ಕಾಲು ಭಾಗವೋ, ಅಷ್ಟನ್ನು ಬರೆದುಕೊಂಡರೂ ಸಾಕು. ಮೂರು ದಿನ ಹೀಗೆ ಬರೆದರೆ ಯಾರ ಹುಣ್ಣು ಮಾಯಲು ತಡವಾಗುತ್ತದೆ, ಯಾರಿಗೆ ಮತ್ತೆ ಸೋಂಕು ತಗಲೀತು ಎಂದು ನಿನಗೆ ಮುಂಚೆಯೇ ಅಂದಾಜು ಸಿಗುತ್ತದೆ.

ಇದು ನಮ್ಮ ಬಡ ಆಸ್ಪತ್ರೆಗಳ ಕತೆ ಮಾತ್ರ ಎಂದುಕೊಳ್ಳಬೇಡ. ಊಟದ ಹೊತ್ತು, ಕೊಡುವ ರೀತಿ ನೋಡದೆ ರೋಗಿಗಳು ಸೊರಗಿಹೋಗುತ್ತಾರೆ ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಶುಶ್ರೂಷೆಯ ತಮ್ಮ ಪುಸ್ತಕದಲ್ಲಿ ಬರೆದಿದ್ದರು. ನೂರು ವರ್ಷ ಕಳೆದು, 1974ರಲ್ಲಿ, ಅಮೆರಿಕದ ಅಲಬಾಮಾದ ವೈದ್ಯ ಚಾರ್ಲ್ಸ್ ಬಟರ್‌ವರ್ತ್ ಅದೇ ನೋವನ್ನು ಮತ್ತೆ ಎತ್ತಿದರು. ಶ್ರೀಮಂತ ದೇಶದ ದೊಡ್ಡ ಆಸ್ಪತ್ರೆಗಳಲ್ಲೇ ರೋಗಿಗಳ ಎತ್ತರ ತೂಕ ಬರೆಯುವುದಿಲ್ಲ, ದಿನಗಟ್ಟಲೆ ಗ್ಲೂಕೋಸ್ ನೀರಿನ ಮೇಲೇ ಇಡುತ್ತಾರೆ, ಪರೀಕ್ಷೆಯ ಹೆಸರಿನಲ್ಲಿ ಊಟದ ಮೇಲೆ ಊಟ ತಪ್ಪಿಸುತ್ತಾರೆ ಎಂದು ಅವರು ಪಟ್ಟಿ ಮಾಡಿದಾಗ ವೈದ್ಯಲೋಕ ಬೆಚ್ಚಿತು. ಆ ಪಟ್ಟಿ ಹಿಡಿದು ಇವತ್ತು ನಿನ್ನ ವಾರ್ಡಿನಲ್ಲಿ ನಡೆದರೆ ಒಂದೊಂದಕ್ಕೂ ಒಂದು ಹಾಸಿಗೆ ತೋರಿಸಬಲ್ಲೆ.

ಗ್ಲೂಕೋಸ್ ಮಾತು ಬಂತಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿನ್ನನ್ನು ಇದು ದಿನವೂ ಕಾಡುತ್ತದೆ. ‘ಒಂದು ಬಾಟಲಿ ಗ್ಲೂಕೋಸ್ ಹಾಕಿಸಿದರೆ ಶಕ್ತಿ ಬರುತ್ತೆ’ ಎಂದು ಹಳ್ಳಿಯಿಂದ ಬಂದವರೂ ಹೇಳುತ್ತಾರೆ, ಪೇಟೆಯವರೂ ಹೇಳುತ್ತಾರೆ. ಅರ್ಧ ಲೀಟರಿನ ಬಾಟಲಿಯಲ್ಲಿ, ಶೇ. 5ರ ದ್ರಾವಣವಾದರೆ, ಇರುವುದು 25 ಗ್ರಾಂ ಸಕ್ಕರೆ. ನೂರು ಕ್ಯಾಲೊರಿಯಷ್ಟೂ ಆಗುವುದಿಲ್ಲ. ಎರಡು ಇಡ್ಲಿಯ ಶಕ್ತಿ ಅದಕ್ಕಿಂತ ಹೆಚ್ಚು, ಇಡ್ಲಿಯಲ್ಲಿ ಉದ್ದಿನ ಪ್ರೋಟೀನಾದರೂ ಇರುತ್ತದೆ. ವಾಂತಿಯಾಗಿ ನೀರು ಬತ್ತಿದವರಿಗೆ ಡ್ರಿಪ್ ಜೀವ ಉಳಿಸುತ್ತದೆ, ನಿಜ. ಊಟದ ಜಾಗವನ್ನು ಅದು ತುಂಬಲಾರದು ಎಂದು ಮನೆಯವರಿಗೆ ಸಮಾಧಾನದಿಂದ ತಿಳಿಸು.

ಇನ್ನು ಪ್ರೋಟೀನಿನ ಲೆಕ್ಕ. ಕಾಯಿಲೆಯಲ್ಲಿ, ಅದರಲ್ಲೂ ಸೋಂಕು, ಸುಟ್ಟ ಗಾಯ, ದೊಡ್ಡ ಆಪರೇಷನ್ ಆದವರಲ್ಲಿ, ಮೈಯ ಮಾಂಸಖಂಡ ಕರಗುತ್ತಾ ಹೋಗುತ್ತದೆ. ಅಂಥವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನಾದರೂ ಬೇಕೆಂದು ನೀನು ಓದಿದ್ದೀಯ. 50 ಕಿಲೋ ಇರುವ ಹೆಂಗಸಿಗೆ 60ರಿಂದ 75 ಗ್ರಾಂ ಆಯಿತು. ಈಗ ನಮ್ಮ ವಾರ್ಡಿನ ಊಟ ನೋಡು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಮತ್ತು ತಿಳಿಸಾರು, ರಾತ್ರಿ ಗಂಜಿ, ನಡುವೆ ಒಂದೆರಡು ಟೀ. ಪೂರ್ತಿ ತಿಂದರೂ 20–25 ಗ್ರಾಂ ದಾಟುವುದು ಕಷ್ಟ, ಪೂರ್ತಿ ತಿನ್ನುವವರು ಯಾರು? ಆದ್ದರಿಂದ ‘ಪ್ರೋಟೀನ್ ಜಾಸ್ತಿ ತಗೊಳ್ಳಿ’ ಎಂದು ಹೇಳಿ ಮುಂದಿನ ಹಾಸಿಗೆಗೆ ಹೋಗಬೇಡ, ಅದರಿಂದ ಏನೂ ಆಗುವುದಿಲ್ಲ. ಎರಡು ಮೊಟ್ಟೆ ಎಂದರೆ 12 ಗ್ರಾಂ, ಒಂದು ಲೋಟ ಹಾಲು 6ರಿಂದ 7, ಸಾರಿನ ಅಡಿಯಲ್ಲಿ ಕೂತ ಗಟ್ಟಿ ಬೇಳೆ ಒಂದು ಬಟ್ಟಲಿಗೆ ಹೆಚ್ಚುಕಡಿಮೆ ಅಷ್ಟೇ, ಒಂದು ಹಿಡಿ ಹುರಿಗಡಲೆ ಅಥವಾ ಶೇಂಗಾದಲ್ಲೂ ಅಷ್ಟೇ. ಇವನ್ನೆಲ್ಲ ದಿನದ ಊಟಕ್ಕೆ ಕೂಡಿಸಿದರೆ ಲೆಕ್ಕದ ಹತ್ತಿರ ಬರುತ್ತದೆ. ಡಬ್ಬಿಯ ಪುಡಿ ಕೊಳ್ಳಲು ಸಾಲ ಮಾಡುವ ಮನೆಗಳನ್ನು ಕಂಡು ನನ್ನ ಹೊಟ್ಟೆ ಉರಿದಿದೆ. ಬಾಯಿಯಿಂದ ಉಣ್ಣಬಲ್ಲವರಿಗೆ ಮೊದಲು ಹುರಿಗಡಲೆ ಪುಡಿ, ಮೊಟ್ಟೆ, ಮೊಸರು ಹೇಳು. ಪುಡಿ ನಿಜಕ್ಕೂ ಬೇಕಾದ ಕೆಲವರು ಇದ್ದೇ ಇರುತ್ತಾರೆ, ಅವರಿಗೆ ಯಾಕೆ ಬೇಕು, ಎಷ್ಟು ದಿನ ಬೇಕು ಎಂದು ಬರೆದು ಕೊಡು.

ಲೆಕ್ಕಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯನ್ನೇ ಹತ್ತಿರ ಇಟ್ಟುಕೋ. ನಮ್ಮ ದೇಶದ 528 ಆಹಾರ ಪದಾರ್ಥಗಳನ್ನು ಪರೀಕ್ಷಿಸಿ ಮಾಡಿದ್ದು ಅದು. ಮೊಬೈಲಿನ ವಿದೇಶಿ ಆ್ಯಪ್‌ಗಳಿಗೆ ನಮ್ಮ ಸಾರು ತಿಳಿಯದು, ಮುದ್ದೆಯೂ ತಿಳಿಯದು.

ಹೊಸ ರೋಗಿ ದಾಖಲಾದಾಗ ಎರಡು ಮೂರು ಪ್ರಶ್ನೆ ಕೇಳುವುದನ್ನು ಅಭ್ಯಾಸ ಮಾಡಿಕೋ. ಇತ್ತೀಚೆಗೆ ತೂಕ ಇಳಿದಿದೆಯೇ? ಊಟ ಕಡಿಮೆಯಾಗಿ ಎಷ್ಟು ದಿನವಾಯಿತು? ಎಷ್ಟೋ ಮಂದಿ ತಮ್ಮ ತೂಕ ಎಂದೂ ನೋಡಿಕೊಂಡಿರುವುದಿಲ್ಲ. ‘ಬಳೆ ಸಡಿಲವಾಗಿದೆಯಾ? ಸೊಂಟದ ಉಡಿದಾರ, ಪ್ಯಾಂಟು ಜಾರುತ್ತಾ?’ ಎಂದು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಎದ್ದು ನಿಲ್ಲಲಾರದವರ ತೋಳಿಗೆ ಟೇಪು ಸುತ್ತು. ದೊಡ್ಡವರಲ್ಲಿ ಮೇಲ್ದೋಳಿನ ಸುತ್ತಳತೆ 23.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅವರು ಸಣಕಲಾಗಿರುವ ಸಂಭವ ಹೆಚ್ಚು ಎಂದು ಬ್ರಿಟನ್ನಿನಲ್ಲಿ ಬಳಸುವ ತಪಾಸಣಾ ಪದ್ಧತಿ ಹೇಳುತ್ತದೆ. ನಿನ್ನ ಕೋಟಿನ ಜೇಬಿನಲ್ಲಿ ಪೆನ್ನಿನ ಜೊತೆ ಒಂದು ಟೇಪು ಯಾವಾಗಲೂ ಇರಲಿ.

ತೀರಾ ಎಚ್ಚರ ಬೇಕಾದವರು, ಹತ್ತು ದಿನಕ್ಕೂ ಮೀರಿ ಸರಿಯಾಗಿ ಉಣ್ಣದೆ ಬಂದವರು. ಕುಡಿತಕ್ಕೆ ಬಿದ್ದು ಊಟ ಬಿಟ್ಟ ಗಂಡಸು, ಒಂಟಿಯಾಗಿ ಜ್ವರದಲ್ಲಿ ಮಲಗಿದ್ದ ಮುದುಕಿ, ಅನ್ನನಾಳದ ಕ್ಯಾನ್ಸರಿನಿಂದ ನೀರೂ ಇಳಿಯದೆ ಬಂದವರು. ಇವರನ್ನು ನೋಡಿದರೆ ಯಾರ ಕರುಳಾದರೂ ಚುರುಕ್ ಎನ್ನುತ್ತದೆ, ಹೊಟ್ಟೆ ತುಂಬಾ ಉಣಿಸೋಣ ಅನ್ನಿಸುತ್ತದೆ. ಹಾಗೆ ಮಾಡಬೇಡ. ಉಪವಾಸದಲ್ಲಿ ಬಾಡಿದ ಮೈಗೆ ಒಮ್ಮೆಲೇ ಅನ್ನ, ಸಕ್ಕರೆ ಸುರಿದರೆ ಇನ್ಸುಲಿನ್ ಏರುತ್ತದೆ, ಅದರ ಬೆನ್ನಿಗೇ ರಕ್ತದಲ್ಲಿದ್ದ ಫಾಸ್ಫೇಟು, ಪೊಟ್ಯಾಷಿಯಂ, ಮೆಗ್ನೀಷಿಯಂಗಳನ್ನು ಜೀವಕೋಶಗಳು ಒಳಗೆ ಸೆಳೆದುಕೊಳ್ಳುತ್ತವೆ. ಹೃದಯದ ಬಡಿತ ತಪ್ಪುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸೆರೆಯಿಂದ ಬಿಡಿಸಿ ತಂದು ಉಣಿಸಿದ ಸೈನಿಕರು ಹೀಗೆ ಸತ್ತದ್ದನ್ನು ಕಂಡ ಮೇಲೆಯೇ ವೈದ್ಯರು ಇದನ್ನು ಗುರುತಿಸಿದ್ದು. ಬ್ರಿಟನ್ನಿನ 2006ರ ಮಾರ್ಗಸೂಚಿಯ ಪ್ರಕಾರ ಅಪಾಯ ಹೆಚ್ಚಿರುವವರಿಗೆ ಮೊದಲ ದಿನ ಕಿಲೋ ತೂಕಕ್ಕೆ ಹೆಚ್ಚೆಂದರೆ 10 ಕ್ಯಾಲೊರಿ. 40 ಕಿಲೋದವರಿಗೆ ಇಡೀ ದಿನಕ್ಕೆ 400. ಆಮೇಲೆ ನಾಲ್ಕರಿಂದ ಏಳು ದಿನಗಳಲ್ಲಿ ಮೆಲ್ಲಗೆ ಏರಿಸುವುದು. ಥಯಾಮಿನ್ ಊಟಕ್ಕಿಂತ ಮುಂಚೆ, ಗ್ಲೂಕೋಸಿಗಿಂತಲೂ ಮುಂಚೆ ಹೋಗಬೇಕು. ಡಾಕ್ಟರು ದೊಡ್ಡವರು, ನಾನು ಹೇಗೆ ಹೇಳಲಿ ಎಂದು ಹಿಂಜರಿಯಬೇಡ. ‘ಸರ್, ಇವರು ಹತ್ತು ದಿನ ಊಟ ಮಾಡಿಲ್ಲ, ಫಾಸ್ಫೇಟು, ಪೊಟ್ಯಾಷಿಯಂ ನೋಡಿಸೋಣವಾ, ಥಯಾಮಿನ್ ಬರೆಯುತ್ತೀರಾ?’ ಎಂದು ರೌಂಡ್ಸಿನಲ್ಲೇ ಕೇಳು. ಕೇಳುವುದು ನಿನ್ನ ಕೆಲಸವೇ.

ಆಪರೇಷನ್ ವಾರ್ಡಿನಲ್ಲಿ ಇನ್ನೊಂದು ಸಂಕಟವಿದೆ. ‘ರಾತ್ರಿ ಹನ್ನೆರಡರ ಮೇಲೆ ಏನೂ ಬೇಡ’ ಎಂದು ಎಲ್ಲರಿಗೂ ಒಂದೇ ಮಾತು. ಸರದಿ ಬರುವುದು ಮಧ್ಯಾಹ್ನ ಮೂರಕ್ಕೆ, ಕೆಲವೊಮ್ಮೆ ಬರುವುದೇ ಇಲ್ಲ, ಮರುದಿನಕ್ಕೆ ಹಾಕುತ್ತಾರೆ. ಮತ್ತೆ ರಾತ್ರಿ ಹನ್ನೆರಡರಿಂದ ಉಪವಾಸ. ಸಾಮಾನ್ಯ ರೋಗಿಗೆ ಗಟ್ಟಿ ಆಹಾರ ಆರು ಗಂಟೆ ಮುಂಚೆ ನಿಂತರೆ ಸಾಕು, ನೀರು ಮತ್ತು ಹಾಲಿಲ್ಲದ ತಿಳಿ ಪಾನೀಯವನ್ನು ಎರಡು ಗಂಟೆ ಮುಂಚಿನವರೆಗೂ ಕೊಡಬಹುದು ಎಂಬುದು ಈಗ ಅರಿವಳಿಕೆ ತಜ್ಞರೇ ಒಪ್ಪಿದ ಮಾತು. ಮಜ್ಜಿಗೆ, ಹಾಲಿನ ಟೀ ಆ ಲೆಕ್ಕಕ್ಕೆ ಬರುವುದಿಲ್ಲ. ನಿನ್ನ ಆಸ್ಪತ್ರೆಯ ಅರಿವಳಿಕೆ ಡಾಕ್ಟರ ಹತ್ತಿರ ಕೂತು ಮರುದಿನದ ಪಟ್ಟಿ ಕೇಳಿ ತಗೋ, ಮಧ್ಯಾಹ್ನದವರಿಗೆ ಬೆಳಿಗ್ಗೆ ಏನು ಕೊಡಬಹುದು ಎಂದು ಅವರಿಂದಲೇ ಬರೆಸಿಕೋ.

ಹೊತ್ತಿನ ವಿಷಯದಲ್ಲಿ ಸಕ್ಕರೆ ಕಾಯಿಲೆಯವರನ್ನು ಮರೆಯಬೇಡ. ಇನ್ಸುಲಿನ್ ಏಳೂವರೆಗೆ ಚುಚ್ಚಿ, ತಿಂಡಿಯ ಗಾಡಿ ಒಂಬತ್ತಕ್ಕೆ ಬಂದರೆ ಆ ನಡುವೆ ರೋಗಿ ಬೆವತು ನಡುಗುತ್ತಾರೆ. ಸಿಸ್ಟರನ್ನೂ ಅಡುಗೆಯವರನ್ನೂ ಒಂದೇ ಕಡೆ ಕೂರಿಸಿ ಗಂಟೆ ಹೊಂದಿಸಿಬಿಟ್ಟರೆ ಮುಗಿಯಿತು. ಪಾರ್ಶ್ವವಾಯು ಆದವರಿಗೆ ನುಂಗುವ ಪರೀಕ್ಷೆ ಆಗದೆ ಬಾಯಿಗೆ ಏನೂ ಹಾಕಿಸಬೇಡ. ತೆಳ್ಳಗಿನ ನೀರು, ಅಂಬಲಿ ಇವರಲ್ಲಿ ಶ್ವಾಸಕೋಶಕ್ಕೆ ಇಳಿಯುವುದು ಸುಲಭ. ಮೂಗಿನ ಕೊಳವೆಯಲ್ಲಿ ಉಣಿಸುವವರಿಗೆ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರವಿರಲಿ, ಉಣಿಸಿದ ಮೇಲೆ ಕೊಳವೆಗೆ ನೀರು ಹಾಯಿಸಲಿ. ಅಡುಗೆಮನೆಯಲ್ಲಿ ಮಾಡಿದ ಫೀಡು ಬೆಳಿಗ್ಗೆಯಿಂದ ಸಂಜೆಯವರೆಗೆ ಕಿಟಕಿಯಲ್ಲಿ ಕೂತಿರಬಾರದು.

ಪುನಶ್ಚೇತನ ಕೇಂದ್ರದ ಬಗ್ಗೆ ಮಾತ್ರ ಸಾವಕಾಶವಾಗಿ ಹೇಳಬೇಕು, ನಿನ್ನ ನಿಜವಾದ ಪರೀಕ್ಷೆ ಅಲ್ಲಿಯೇ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಅಥವಾ ಎತ್ತರಕ್ಕೆ ತಕ್ಕ ತೂಕ ತೀರಾ ಕೆಳಗಿದ್ದರೆ, ಅಥವಾ ಎರಡೂ ಪಾದ ಬಾತಿದ್ದರೆ ತೀವ್ರ ಅಪೌಷ್ಟಿಕತೆ ಎಂದು ಹಿಡಿಯುತ್ತೇವೆ. ಈ ಪಾದದ ಬಾವು ಬಹಳ ಜನರನ್ನು ಏಮಾರಿಸುತ್ತದೆ. ಮಗು ಗುಂಡುಗುಂಡಗೆ ಕಾಣುತ್ತದೆ, ಅಜ್ಜಿ ‘ಮೈ ತುಂಬಿಕೊಂಡಿದೆ’ ಎನ್ನುತ್ತಾಳೆ. ಹೆಬ್ಬೆರಳಿನಿಂದ ಎರಡೂ ಪಾದ ಒತ್ತಿ ಮೂರು ಸೆಕೆಂಡು ಹಿಡಿದು ಬಿಡು, ಗುಳಿ ಉಳಿಯುತ್ತದೆಯೋ ನೋಡು. ಇಂಥ ಮಗುವಿಗೆ ಚಿಕಿತ್ಸೆ ಶುರುವಾದ ಮೇಲೆ ಬಾವಿನ ನೀರು ಇಳಿದು ಮೊದಲು ತೂಕ ಕಡಿಮೆಯಾಗುತ್ತದೆ. ತಾಯಿಗೆ ಇದನ್ನು ಮೊದಲ ದಿನವೇ ಹೇಳಿರಬೇಕು. ಹೇಳದಿದ್ದರೆ ‘ಆಸ್ಪತ್ರೆಗೆ ಬಂದು ನನ್ನ ಮಗು ಇನ್ನೂ ಸೊರಗಿತು’ ಎಂದು ಮೂರನೆಯ ದಿನ ಬಟ್ಟೆ ಕಟ್ಟಿಕೊಂಡು ಹೊರಟುಬಿಡುತ್ತಾಳೆ.

ಇಲ್ಲಿಯೂ ಅವಸರ ಸಲ್ಲದು. ಮೊದಲ ಹಂತದಲ್ಲಿ ಕೊಡುವ ಎಫ್-75 ಹಾಲಿನಲ್ಲಿ 100 ಮಿ.ಲೀ.ಗೆ 75 ಕ್ಯಾಲೊರಿ, ಪ್ರೋಟೀನ್ ಒಂದು ಗ್ರಾಮಿಗೂ ಕಡಿಮೆ. ‘ಇಷ್ಟು ಸೊರಗಿದ ಮಗುವಿಗೆ ಇಷ್ಟು ನೀರು ಹಾಲೇ?’ ಎಂದು ಹೊಸದಾಗಿ ಬಂದ ನರ್ಸುಗಳೂ ಕೇಳುತ್ತಾರೆ. ಆ ಮಗುವಿನ ಯಕೃತ್ತು, ಮೂತ್ರಪಿಂಡ, ಹೃದಯ ಎಲ್ಲವೂ ಅರ್ಧ ವೇಗದಲ್ಲಿ ನಡೆಯುತ್ತಿರುತ್ತವೆ. ಹೆಚ್ಚು ಪ್ರೋಟೀನ್, ಹೆಚ್ಚು ಉಪ್ಪು, ಹೆಚ್ಚು ನೀರು ಯಾವುದನ್ನೂ ಆಗ ಅವು ತಡೆಯಲಾರವು. ಕಬ್ಬಿಣದ ಔಷಧಿಯನ್ನೂ ಆಗ ಕೊಡುವುದಿಲ್ಲ, ರಕ್ತ ಎಷ್ಟೇ ಕಡಿಮೆಯಿದ್ದರೂ. ಸೋಂಕಿರುವ ಮೈಯಲ್ಲಿ ಅದು ಹಾನಿ ಮಾಡುತ್ತದೆ. ಹಸಿವು ಮರಳಿ, ಬಾವು ಇಳಿಯುತ್ತಾ ಬಂದ ಮೇಲೆ ಇನ್ನಷ್ಟು ಶಕ್ತಿಯಿರುವ ಎಫ್-100 ಹಾಲಿಗೆ ದಾಟಿಸುವುದು, ಆಮೇಲೆ ಕಬ್ಬಿಣ. ಆ ಹಂತದಲ್ಲಿ ದಿನಕ್ಕೆ ಕಿಲೋ ತೂಕಕ್ಕೆ 10 ಗ್ರಾಂ ಏರಿದರೆ ಚೆನ್ನಾಗಿ ನಡೆಯುತ್ತಿದೆ ಎಂದು ಅರ್ಥ, 5 ಗ್ರಾಮಿಗಿಂತ ಕಡಿಮೆಯಾದರೆ ಎಲ್ಲೋ ಏನೋ ತಪ್ಪಿದೆ. ಅಡಗಿರುವ ಕ್ಷಯವೋ, ಕಿವಿ ಸೋಂಕೋ, ಅಥವಾ ರಾತ್ರಿಯ ಹಾಲು ತಪ್ಪುತ್ತಿದೆಯೋ ಹುಡುಕು.

ರಾತ್ರಿಯ ಹಾಲು ಎಂದೆ. ಮೊದಲ ದಿನಗಳಲ್ಲಿ ಎರಡೆರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಹಾಲು ಹೋಗಬೇಕು. ಹಗಲಿನ ಹಾಲು ಯಾರೂ ತಪ್ಪಿಸುವುದಿಲ್ಲ. ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಸಿಸ್ಟರಿಗೆ ಜೋಂಪು, ತಾಯಿಗೆ ದಣಿವು, ಮಗುವೂ ನಿದ್ದೆಯಲ್ಲಿ. ಸಕ್ಕರೆ ಇಳಿದು ಮೈ ತಣ್ಣಗಾಗಿ ಮಕ್ಕಳು ಕೈತಪ್ಪುವುದು ಈ ಹೊತ್ತಿನಲ್ಲೇ. ಮಗುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಹೊದಿಸಿ ಮಲಗಿಸು, ತಲೆಗೆ ಟೋಪಿ ಹಾಕಿಸು. ರಾತ್ರಿಯ ಚಾರ್ಟಿನಲ್ಲಿ ನಾಲ್ಕು ಗಂಟೆಯ ಹಾಲಿಗೂ ಎರಡು ಗಂಟೆಯ ಹಾಲಿಗೂ ಒಂದೇ ಶಾಯಿಯಲ್ಲಿ ಒಟ್ಟಿಗೆ ಟಿಕ್ ಬಿದ್ದಿದ್ದರೆ ನಿನಗೆ ಅರ್ಥವಾಗಬೇಕು. ಬೈಯಬೇಡ. ಆ ರಾತ್ರಿ ಒಬ್ಬರೇ ಸಿಸ್ಟರ್ ಎಷ್ಟು ಹಾಸಿಗೆ ನೋಡಿದರು ಎಂದು ಕೇಳಿ, ಆ ಸಂಗತಿಯನ್ನು ಮೇಲಿನವರ ಮುಂದಿಡು.

ತಾಯಂದಿರ ಬಗ್ಗೆ ನಿನ್ನ ಮನಸ್ಸು ಮೆತ್ತಗಿರಲಿ. ಹದಿನಾಲ್ಕು ದಿನ ಆಸ್ಪತ್ರೆಯಲ್ಲಿರಬೇಕು ಎಂದರೆ ಅವಳಿಗೆ ಎಷ್ಟು ಕಷ್ಟ ಗೊತ್ತೇ? ಮನೆಯಲ್ಲಿ ಇನ್ನೆರಡು ಮಕ್ಕಳು, ಹಟ್ಟಿಯಲ್ಲಿ ಎಮ್ಮೆ, ಕೂಲಿ ತಪ್ಪಿದರೆ ಮೇಸ್ತ್ರಿಯ ಕೋಪ. ತಪ್ಪಿದ ಕೂಲಿಗೆ ಸರ್ಕಾರ ಕೊಡುವ ಭತ್ಯೆಯ ಕಾಗದಪತ್ರವನ್ನು ಮೊದಲ ದಿನವೇ ಶುರುಮಾಡಿಸು, ಡಿಸ್ಚಾರ್ಜಿನ ದಿನ ಬ್ಯಾಂಕ್ ಪಾಸ್‌ಬುಕ್ ಹುಡುಕುವಂತಾಗಬಾರದು. ಅವಳ ಊಟವನ್ನೂ ವಿಚಾರಿಸು. ಗಂಡನಿಗೋ ಅತ್ತೆಗೋ ಫೋನ್ ಹಚ್ಚಿ ‘ಮಗು ಇವತ್ತು ನಕ್ಕಿತು’ ಎಂದು ನೀನೇ ಹೇಳು. ಬಿಸ್ಕತ್ತು, ಕುರ್‌ಕುರೆ ತಂದ ತಂದೆಯನ್ನು ವಾರ್ಡಿನ ಎದುರು ಗದರಬೇಡ, ಪ್ರೀತಿಯಿಂದಲೇ ತಂದದ್ದು ಅದು. ಬಟ್ಟಲು ಕೊಟ್ಟು, ‘ಇವತ್ತಿನ ಹಾಲು ನೀವೇ ಕುಡಿಸಿ’ ಎಂದು ಕೂರಿಸು. ಎಷ್ಟು ಹಾಲು ಒಳಗೆ ಹೋಗುತ್ತದೆ, ಬಿಸ್ಕತ್ತು ತಿಂದ ದಿನ ಎಷ್ಟು ಹೋಗುತ್ತದೆ ಎಂದು ಅವನ ಕಣ್ಣಿಗೇ ಕಾಣುತ್ತದೆ.

ವಾರಕ್ಕೊಮ್ಮೆಯಾದರೂ ಪಿಎಚ್‌ಸಿಗಳಿಗೆ ಹೋಗುವ ಅವಕಾಶ ಕೇಳಿ ತಗೋ. ಆಸ್ಪತ್ರೆಯಲ್ಲಿ ರೋಗಿ ನಿನಗೆ ಸಿಗುವುದು ನಾಲ್ಕೈದು ದಿನ. ಪಿಎಚ್‌ಸಿಯಲ್ಲಿ ಅದೇ ಮನುಷ್ಯ ಬಿಪಿ ಮಾತ್ರೆಗೆಂದು ತಿಂಗಳು ತಿಂಗಳೂ ಬರುತ್ತಾನೆ. ಆಹಾರ ಚಿಕಿತ್ಸೆ ಹಿಡಿತಕ್ಕೆ ಬರುವುದು ಹೀಗೆ ಮತ್ತೆ ಮತ್ತೆ ಮುಖ ಕಾಣುವ ಜಾಗದಲ್ಲಿ. ಬ್ರಿಟನ್ನಿನಲ್ಲಿ ರಾಯ್ ಟೇಲರ್ ಮತ್ತು ಮೈಕ್ ಲೀನ್ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನ ನೀನು ಓದಿರುತ್ತೀಯ. ಸಾಮಾನ್ಯ ವೈದ್ಯರ ಕ್ಲಿನಿಕ್‌ಗಳಲ್ಲೇ, ಅಲ್ಲಿನ ನರ್ಸುಗಳು, ಆಹಾರ ತಜ್ಞರೇ ನೋಡಿಕೊಂಡು, ಮೂರರಿಂದ ಐದು ತಿಂಗಳು ದಿನಕ್ಕೆ ಎಂಟುನೂರು ಚಿಲ್ಲರೆ ಕ್ಯಾಲೊರಿಯ ಆಹಾರ ಕೊಟ್ಟು, ಆಮೇಲೆ ಮೆಲ್ಲಗೆ ಊಟಕ್ಕೆ ಮರಳಿಸಿದರು. ಒಂದು ವರ್ಷದ ಹೊತ್ತಿಗೆ ಆ ಗುಂಪಿನ ಶೇ. 46 ಮಂದಿ ಮಾತ್ರೆಯಿಲ್ಲದೆ ಸಕ್ಕರೆ ಕಾಯಿಲೆಯಿಂದ ಹೊರಗಿದ್ದರು. ಅವರೆಲ್ಲ ತೂಕ ಹೆಚ್ಚಿದ್ದವರು, ಕಾಯಿಲೆ ಬಂದು ಆರು ವರ್ಷದೊಳಗಿನವರು ಎಂಬುದನ್ನು ಮರೆಯಬೇಡ. ನಿನ್ನ ಮುಂದೆ ಕೂರುವ, 48 ಕಿಲೋ ತೂಗುವ ಬೀಡಿ ಕಟ್ಟುವ ಹೆಂಗಸಿಗೆ ಅದನ್ನು ಹಚ್ಚಲಾಗದು. ಅವಳಿಗೆ ಬೇಕಾದದ್ದು ಅನ್ನದ ಪಾಲು ಸ್ವಲ್ಪ ಇಳಿಸಿ ಬೇಳೆ, ಸೊಪ್ಪು, ಮೊಟ್ಟೆಯ ಪಾಲು ಏರಿಸುವ ಉಪಾಯ.

ಸಕ್ಕರೆ ಕಾಯಿಲೆಯವರಿಗೆ ‘ಅನ್ನ ಬಿಡಿ, ಮುದ್ದೆ ತಿನ್ನಿ’ ಎಂದಷ್ಟೇ ಹೇಳಿ ಕಳಿಸುವ ರೂಢಿಯೂ ನಮ್ಮಲ್ಲಿದೆ. ರಾಗಿಯ ಮೇಲೆ ನನಗೂ ಅಭಿಮಾನವೇ. ನೂರು ಗ್ರಾಮಿಗೆ 350 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಬೇರೆ ಯಾವ ಧಾನ್ಯದಲ್ಲಿದೆ? ಆದರೆ ಅದರಲ್ಲೂ ಹೆಚ್ಚು ಪಾಲು ಪಿಷ್ಟವೇ. ಎರಡು ದೊಡ್ಡ ಮುದ್ದೆ ಉಂಡವರ ಸಕ್ಕರೆ ಏರದೆ ಇರುವುದಿಲ್ಲ. ಒಂದು ಸಣ್ಣ ಮುದ್ದೆ, ಕಾಳಿನ ಹುಳಿ, ಜೊತೆಗೆ ಒಂದು ಬಟ್ಟಲು ಪಲ್ಯ ಎಂದು ಅಳತೆ ಸಮೇತ ಹೇಳು. ಬಿಪಿಯವರಿಗೆ ‘ಉಪ್ಪು ಕಡಿಮೆ ಮಾಡಿ’ ಎಂದರೆ ‘ನಾವು ಉಪ್ಪು ತಿನ್ನೋದೇ ಕಡಿಮೆ ಮೇಡಂ’ ಎನ್ನುತ್ತಾರೆ. ಉಪ್ಪಿನಕಾಯಿ ದಿನಕ್ಕೆ ಎಷ್ಟು ಸಲ, ಹಪ್ಪಳ ಸಂಡಿಗೆ ಎಷ್ಟು, ಒಂದು ಪೊಟ್ಟಣ ಉಪ್ಪು ಎಷ್ಟು ದಿನಕ್ಕೆ, ಮನೆಯಲ್ಲಿ ಎಷ್ಟು ಜನ ಎಂದು ಕೇಳು. ನಾಲ್ಕು ಜನರ ಮನೆಯಲ್ಲಿ ಕಿಲೋ ಪೊಟ್ಟಣ ಹದಿನೈದು ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 16–17 ಗ್ರಾಂ ಆಯಿತು, ಐದು ಗ್ರಾಮಿನೊಳಗೆ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಕಡಿಮೆ ಸೋಡಿಯಂ ಉಪ್ಪಿನ ಪೊಟ್ಟಣ ಈಗ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಪೊಟ್ಯಾಷಿಯಂ ಇರುವುದರಿಂದ ಕಿಡ್ನಿ ತೊಂದರೆಯಿರುವವರಿಗೆ ಅದು ಬೇಡ. ಅವರಿಗೆ ಎಳನೀರನ್ನೂ ‘ತಂಪು’ ಎಂದು ಕುಡಿಸಬಾರದು, ಕಾರಣ ಅದೇ.

ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಟ್ಟಾಗ ಯಾವಾಗ, ಯಾವುದರ ಜೊತೆ ನುಂಗುತ್ತಾರೆ ಎಂದು ಕೇಳು. ಕಾಫಿ ಟೀ ಜೊತೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತದು, ಕ್ಯಾಲ್ಸಿಯಂ ಮಾತ್ರೆಯೊಡನೆ ನುಂಗಿದರೂ ಹಾಗೆಯೇ. ಎರಡಕ್ಕೂ ಕಡೇಪಕ್ಷ ಎರಡು ಗಂಟೆ ಅಂತರವಿರಲಿ, ಕಬ್ಬಿಣದ ಜೊತೆ ನಿಂಬೆಹಣ್ಣಿನ ಪಾನಕವಿರಲಿ. ಬಾಣಂತಿಗೆ ನೀರು ಕೊಡದ, ತರಕಾರಿ ಕೊಡದ, ಬರೀ ಅನ್ನ ಮೆಣಸಿನ ಸಾರಿನಲ್ಲಿ ಇಡುವ ಮನೆಗಳು ಇನ್ನೂ ಇವೆ. ಕಾಮಾಲೆಯಾದವರಿಗೆ ಎಣ್ಣೆ ಉಪ್ಪು ಎಲ್ಲ ಬಿಡಿಸಿ ಇನ್ನಷ್ಟು ಬಡಕಲು ಮಾಡುವ ಮನೆಗಳೂ ಇವೆ. ಅಜ್ಜಿಯರ ಜೊತೆ ಜಗಳಕ್ಕೆ ನಿಲ್ಲಬೇಡ, ಗೆದ್ದರೂ ಸೊಸೆಗೆ ಉಪಯೋಗವಿಲ್ಲ. ಅವರ ಪಥ್ಯದಲ್ಲಿ ಒಳ್ಳೆಯದು ಏನಿದೆಯೋ ಅದನ್ನು ಮೊದಲು ಒಪ್ಪು. ತುಪ್ಪ, ಬೆಳ್ಳುಳ್ಳಿ, ಮೆಂತ್ಯ, ಬಿಸಿ ಊಟ, ವಿಶ್ರಾಂತಿ, ಎಲ್ಲ ಒಳ್ಳೆಯದೇ. ಆಮೇಲೆ ‘ಅಜ್ಜಿ, ಮಗುವಿಗೆ ಹಾಲು ಸಾಲಬೇಕಲ್ಲ, ಕಾಯಿಸಿ ಆರಿಸಿದ ನೀರು ಒಂದು ಚೊಂಬು ಪಕ್ಕದಲ್ಲಿ ಇಡೋಣವಾ?’ ಎಂದು ಕೇಳು.

ಕ್ಷಯದ ವಿಷಯ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಔಷಧಿ ಇಲ್ಲದ ಕಾಲದಲ್ಲಿ ಕ್ಷಯಕ್ಕೆ ಇದ್ದದ್ದು ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ. ನಮ್ಮ ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ ಕೂಡ ಆ ಕಾಲದ ನಂಬಿಕೆಯಲ್ಲಿ ಹುಟ್ಟಿದ್ದು. 1950ರ ದಶಕದಲ್ಲಿ ಮದರಾಸಿನಲ್ಲಿ ನಡೆದ, 1959ರಲ್ಲಿ ಪ್ರಕಟವಾದ ಪ್ರಯೋಗ ದಿಕ್ಕು ಬದಲಿಸಿತು. ಒಳ್ಳೆಯ ಊಟವಿದ್ದ ಸ್ಯಾನಟೋರಿಯಂ ರೋಗಿಗಳಷ್ಟೇ ಚೆನ್ನಾಗಿ, ಮನೆಯಲ್ಲಿ ಬಡ ಊಟ ಉಂಡವರೂ ಔಷಧಿಯಿಂದ ಗುಣವಾದರು. ಲಕ್ಷಾಂತರ ಜನರಿಗೆ ಮನೆಯಲ್ಲೇ ಚಿಕಿತ್ಸೆ ಸಿಕ್ಕಿದ್ದು ಆ ಅಧ್ಯಯನದ ಪುಣ್ಯ. ಜೊತೆಯಲ್ಲೇ ಊಟದ ಮಾತು ಹಿಂದೆ ಸರಿಯಿತು. ಛತ್ತೀಸಗಢದ ಹಳ್ಳಿಗಳ ಕ್ಷಯರೋಗಿಗಳನ್ನು ತೂಗಿ 2013ರಲ್ಲಿ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಬರೆದದ್ದನ್ನು ಓದಿದಾಗ ನನಗೆ ಕಣ್ಣೀರು ಬಂದಿತ್ತು. ರೋಗ ಪತ್ತೆಯಾದ ದಿನ ಗಂಡಸರ ಮಧ್ಯಮ ತೂಕ 42 ಕಿಲೋ, ಹೆಂಗಸರದು 34.

ಅದೇ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ದಂಪತಿ ನಮ್ಮ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನಲ್ಲಿದ್ದು ಝಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಮಾಡಿದ ಕೆಲಸ 2023ರ ಆಗಸ್ಟಿನಲ್ಲಿ ಪ್ರಕಟವಾಯಿತು. ರೋಗಿಗೆ ತಿಂಗಳಿಗೆ 10 ಕಿಲೋದ ಆಹಾರದ ಚೀಲ. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. ಒಂದು ಗುಂಪಿನಲ್ಲಿ ಮನೆಯವರಿಗೂ ಪಡಿ ಕೊಟ್ಟರು. ಅಂಥ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ. 39ರಷ್ಟು ಇಳಿಯಿತು, ಕಫದಲ್ಲಿ ಕಾಣಿಸುವ ಸಾಂಕ್ರಾಮಿಕ ಬಗೆ ಇನ್ನೂ ಹೆಚ್ಚು, ಶೇ. 48ರಷ್ಟು. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ. 60ರಷ್ಟು ಕಡಿಮೆ. ಅಕ್ಕಿ, ಬೇಳೆ! ಯಾವ ಹೊಸ ಔಷಧಿ ಇಂಥ ಫಲ ಕೊಟ್ಟಿದ್ದರೂ ಅದನ್ನು ಎಲ್ಲರೂ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದರು.

ಆದ್ದರಿಂದ ಕ್ಷಯದವರನ್ನು ಪ್ರತಿ ಸಲವೂ ತೂಗು, ಕಾರ್ಡಿನಲ್ಲಿ ಬರೆ, ಎರಡು ತಿಂಗಳಾದರೂ ತೂಕ ಏರದಿದ್ದರೆ ಡಾಕ್ಟರಿಗೆ ತಿಳಿಸು. ನಿಕ್ಷಯ್ ಪೋಷಣ್ ಯೋಜನೆಯ ಹಣ, 2018ರಲ್ಲಿ ತಿಂಗಳಿಗೆ 500 ಇದ್ದದ್ದು, 2024ರ ನವೆಂಬರಿನಿಂದ 1,000 ರೂಪಾಯಿ ಆಗಿದೆ. ಅವರ ಖಾತೆಗೆ ಬಂತೇ ಎಂದು ವಿಚಾರಿಸು. ಬಂದಿದ್ದರೆ ಆ ಹಣ ಯಾವುದಕ್ಕೆ ಹೋಯಿತು ಎಂದೂ ಕೇಳು, ಪೊಲೀಸರ ಹಾಗಲ್ಲ, ಮನೆಯವಳ ಹಾಗೆ. ಬಾಡಿಗೆಗೆ ಹೋಗಿದ್ದರೆ ಅದೂ ಮೊಟ್ಟೆಯಷ್ಟೇ ನಿಜವಾದ ಅಗತ್ಯ.

ಹೆಂಗಸರನ್ನು ಕೇಳುವಾಗ ಇನ್ನೊಂದು ಪ್ರಶ್ನೆ ಸೇರಿಸು. ‘ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು?’ ನೀನು ಬರೆದುಕೊಟ್ಟ ಮೊಟ್ಟೆ ಮಗನ ತಟ್ಟೆಗೆ, ಹಾಲು ಮಾವನ ಲೋಟಕ್ಕೆ ಹೋಗುವ ಮನೆಯಾದರೆ ಗಂಡನನ್ನೋ ಅತ್ತೆಯನ್ನೋ ಎದುರಿಗೆ ಕೂರಿಸಿಕೊಂಡು, ‘ಇದು ಅವರ ಔಷಧಿ, ಮಾತ್ರೆಯನ್ನು ನೀವು ಹಂಚಿಕೊಂಡು ನುಂಗುತ್ತೀರಾ?’ ಎಂದು ಕೇಳು. ಬಹಳ ಮನೆಗಳಲ್ಲಿ ಈ ಮಾತು ಕೆಲಸ ಮಾಡಿದೆ.

ಮನೆಗೆ ಕಳಿಸುವಾಗ ಕೊಡುವ ಚೀಟಿ ಕನ್ನಡದಲ್ಲಿರಲಿ, ಲೋಟ, ಬಟ್ಟಲು, ಹಿಡಿ, ಚಮಚದ ಅಳತೆಯಲ್ಲಿರಲಿ. ಅಚ್ಚು ಹಾಕಿಸಿದ ಉದ್ದನೆಯ ಪಟ್ಟಿ ಬಸ್ಸಿನಲ್ಲೇ ಕಳೆದುಹೋಗುತ್ತದೆ. ಅದರಲ್ಲಿ ಸೇಬು, ಓಟ್ಸು ಬರೆದಿದ್ದರಂತೂ ಓದಿದವರಿಗೆ ನಾಚಿಕೆ. ಅವರ ಮನೆಯಲ್ಲಿ ಏನು ಬೆಳೆಯುತ್ತಾರೆ, ನ್ಯಾಯಬೆಲೆ ಅಂಗಡಿಯಲ್ಲಿ ಈ ತಿಂಗಳು ಏನು ಬಂತು, ಸಂತೆ ಯಾವ ದಿನ ಎಂದು ಕೇಳಿಕೊಂಡು ಮೂರು ಸಾಲು ಬರೆ, ಅವರಿಂದಲೇ ಒಮ್ಮೆ ಹೇಳಿಸು. ಪುನಶ್ಚೇತನ ಕೇಂದ್ರದಿಂದ ಹೊರಡುವ ಮಗುವಾದರೆ ಹದಿನೈದು ದಿನಕ್ಕೊಮ್ಮೆಯಂತೆ ಎರಡು ತಿಂಗಳು ಮರಳಿ ತೋರಿಸಬೇಕಲ್ಲ, ಆ ನಾಲ್ಕು ತಾರೀಖನ್ನೂ ಚೀಟಿಯ ಮೇಲ್ಗಡೆ ದೊಡ್ಡದಾಗಿ ಬರೆ. ಊರಿನ ಅಂಗನವಾಡಿ ಟೀಚರಿಗೂ ಆಶಾ ಕಾರ್ಯಕರ್ತೆಗೂ ಅದೇ ದಿನ ಫೋನ್ ಮಾಡಿ ಇವತ್ತಿನ ತೂಕ ಹೇಳಿಬಿಡು. ಮುಂದಿನ ಸಲ ಅವರು ತೂಗುವಾಗ ಹೋಲಿಸಿ ನೋಡಲು ಅವರ ಕೈಯಲ್ಲಿ ಒಂದು ಅಂಕಿ ಇರಬೇಕು.